ವಿಷಲ್‌ಬ್ಲೋವರ್

ಇಂಗ್ಲಿಷ್‌ನಿಂದ ಬಂದ ಪದ. ನೇರ ಅರ್ಥ, ಸೀಟಿ ಊದುವವರು. ಸಂಸ್ಥೆಯ ಒಳಗಿದ್ದೇ ಅಲ್ಲಿನ ಅಕ್ರಮವನ್ನು ಬಯಲಿಗೆಳೆಯುವವರನ್ನು ಹೀಗೆ ಗೌರವದಿಂದ ಕರೆಯುವ ರೂಢಿ 1970ರ ದಶಕದಲ್ಲಿ ಅಮೆರಿಕದ ರಾಲ್ಫ್ ನೇಡರ್ ಅವರಿಂದ ಬಲಗೊಂಡಿತು.

ಕನ್ನಡದಲ್ಲಿ ‘ಮಾಹಿತಿದಾರ’ ಎಂದೂ ಬರೆಯುವುದುಂಟು. ‘ದಾರ’ ಪಾರಸಿ ಪ್ರತ್ಯಯ. ಹೊಂದಿರುವವ ಎಂದರ್ಥ: ಪಾಲುದಾರ, ಅರ್ಜಿದಾರ. ಆದರೆ ಪೊಲೀಸರಿಗೆ ಗುಟ್ಟಾಗಿ ಸುಳಿವು ಕೊಡುವವನೂ ಮಾಹಿತಿದಾರನೇ. ಹಾಗಾಗಿ ಈ ಪದದಲ್ಲಿ ಎದೆಗಾರಿಕೆಯ ಧ್ವನಿ ಕಡಿಮೆ.

ಆ ಎದೆಗಾರಿಕೆಗೆ ಪ್ರಾಣವನ್ನೇ ತೆತ್ತವರಿದ್ದಾರೆ. ಹೆದ್ದಾರಿ ಕಾಮಗಾರಿಯ ಭ್ರಷ್ಟಾಚಾರವನ್ನು ಪ್ರಧಾನಿ ಕಚೇರಿಗೆ ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ, ತಮ್ಮ ಹೆಸರನ್ನು ಗೋಪ್ಯವಾಗಿಡಲು ಕೋರಿದ್ದರು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಹತ್ಯೆಯಾಯಿತು. ಕಲಬೆರಕೆ ಇಂಧನದ ವಿರುದ್ಧ ನಿಂತ, ಕೆಜಿಎಫ್‌ನಲ್ಲಿ ಬೆಳೆದ ಮಂಜುನಾಥ್ ಷಣ್ಮುಗಂ 2005ರಲ್ಲಿ ಉತ್ತರ ಪ್ರದೇಶದಲ್ಲಿ ಗುಂಡಿಗೆ ಬಲಿಯಾದರು. ಇಂಥವರ ರಕ್ಷಣೆಗೆ 2014ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ವರ್ಷಗಳೇ ಉರುಳಿದರೂ ಜಾರಿಯಾಗಿಲ್ಲ. ಅದು ಜಾರಿಗೆ ಬರಲೇಬೇಕು.