ಯುವ ಕ್ವಾರ್ಟರ್‌ಬ್ಯಾಕ್‌ನ ಅಳತೆ: ಅಂಕಿ-ಅಂಶ ಹೇಳುವುದೆಷ್ಟು, ಮರೆಮಾಚುವುದೆಷ್ಟು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಇರುವಷ್ಟು ಮಹತ್ವ ಬೇರಾವ ಸ್ಥಾನಕ್ಕೂ ಇಲ್ಲ. ಮೈದಾನದಲ್ಲಿ ಒಂದು ತಂಡದ ಹನ್ನೊಂದು ಮಂದಿ ಇದ್ದರೂ ಆಕ್ರಮಣದ ಪ್ರತಿಯೊಂದು ಆಟವೂ ಆರಂಭವಾಗುವುದು ಈತನ ಕೈಯಿಂದಲೇ. ಹೆಲ್ಮೆಟ್ಟಿನೊಳಗಿನ ರೇಡಿಯೊ ಮೂಲಕ ತರಬೇತುದಾರನ ಆದೇಶವನ್ನು ಕೇಳಿಸಿಕೊಂಡು, ಅದನ್ನು ಸಂಗಡಿಗರಿಗೆ ತಿಳಿಸಿ, ಎದುರಾಳಿಗಳು ನಿಂತಿರುವ ಬಗೆಯನ್ನು ಓದಿ, ಚೆಂಡು ಕೈಸೇರಿದ ಮೂರು ಸೆಕೆಂಡುಗಳ ಆಸುಪಾಸಿನಲ್ಲೇ ಯಾರಿಗೆ ಎಸೆಯಬೇಕೆಂಬುದನ್ನು ಆತ ನಿರ್ಧರಿಸಬೇಕು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುನ್ನಡೆಯದಿದ್ದರೆ ಚೆಂಡು ಎದುರಾಳಿಯ ಪಾಲು.

ಇಂತಹ ಹೊಣೆಯನ್ನು ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಸಾಮಾನ್ಯವಾಗಿ 21ರಿಂದ 23ರ ವಯಸ್ಸಿನ ತರುಣರ ಹೆಗಲಿಗೆ ಹೊರಿಸುತ್ತದೆ. ವಾರ್ಷಿಕ ಡ್ರಾಫ್ಟ್ ಆಯ್ಕೆಯ ಮೊದಲ ಸುತ್ತಿನಲ್ಲಿ ಬಂದ ಆಟಗಾರನಿಗೆ ದೊರೆಯುವುದು ನಾಲ್ಕು ವರ್ಷಗಳ ಒಪ್ಪಂದ. ಐದನೆಯ ವರ್ಷಕ್ಕೆ ವಿಸ್ತರಿಸಬೇಕೇ ಬೇಡವೇ ಎಂಬುದನ್ನು ತಂಡವು ಮೂರನೆಯ ಋತು ಮುಗಿದೊಡನೆ ತೀರ್ಮಾನಿಸಬೇಕು. ಆ ತೀರ್ಮಾನ ತಪ್ಪಿದರೆ ತಂಡ ವರ್ಷಗಳ ಕಾಲ ಹಿಂದೆ ಬೀಳುತ್ತದೆ. ಆಟಗಾರನಾದರೋ ಬದುಕಿನ ದಾರಿಯನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಯುವ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಕೇವಲ ಅಭಿಮಾನಿಗಳ ಹರಟೆಯ ವಿಷಯವಲ್ಲ.

ರೇಟಿಂಗ್ ಎಂಬ ಹಳೆಯ ಅಳತೆಗೋಲು

ಎನ್‌ಎಫ್‌ಎಲ್ 1973ರಲ್ಲಿ 'ಪಾಸರ್ ರೇಟಿಂಗ್' ಎಂಬ ಸೂತ್ರವನ್ನು ಅಳವಡಿಸಿಕೊಂಡಿತು. ಎಸೆತಗಳಲ್ಲಿ ಶೇಕಡಾ ಎಷ್ಟು ಸಂಗಡಿಗರ ಕೈಸೇರಿದವು, ಪ್ರತಿ ಎಸೆತಕ್ಕೆ ಸರಾಸರಿ ಎಷ್ಟು ಗಜ ದೊರೆಯಿತು, ಎಷ್ಟು ಟಚ್‌ಡೌನ್ ಬಂದವು, ಎಷ್ಟು ಚೆಂಡುಗಳು ಎದುರಾಳಿಯ ಕೈಗೆ ಸಿಕ್ಕು ಇಂಟರ್‌ಸೆಪ್ಷನ್ ಆದವು ಎಂಬ ನಾಲ್ಕು ಅಂಶಗಳನ್ನು ಅದು ಒಟ್ಟುಗೂಡಿಸುತ್ತದೆ. ಒಂದೊಂದು ಅಂಶಕ್ಕೂ ಸೊನ್ನೆಯಿಂದ 2.375ರವರೆಗೆ ಅಂಕ. ನಾಲ್ಕನ್ನೂ ಕೂಡಿಸಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ರೇಟಿಂಗ್ ಸಿಗುತ್ತದೆ. ಗರಿಷ್ಠ ಮಿತಿ 158.3.

ಉದಾಹರಣೆಗೆ, ಬಫಲೋ ಬಿಲ್ಸ್ ತಂಡದ ಜೋಶ್ ಅಲೆನ್ 2018ರ ತಮ್ಮ ಚೊಚ್ಚಲ ಋತುವಿನಲ್ಲಿ 320 ಎಸೆತಗಳ ಪೈಕಿ 169ನ್ನು ಗುರಿ ಮುಟ್ಟಿಸಿದರು. ಅಂದರೆ ಶೇ. 52.8. ಗಳಿಸಿದ್ದು 2,074 ಗಜ, 10 ಟಚ್‌ಡೌನ್. ಕಳೆದುಕೊಂಡಿದ್ದು 12 ಇಂಟರ್‌ಸೆಪ್ಷನ್. ಸೂತ್ರದ ಪ್ರಕಾರ ರೇಟಿಂಗ್ 67.9. ಈ ಅಂಕಿಯನ್ನಷ್ಟೇ ನೋಡಿದವರು ಆತನ ಭವಿಷ್ಯ ಮುಗಿಯಿತೆಂದೇ ಬಗೆದಿದ್ದರೆ ಅಚ್ಚರಿಯಿಲ್ಲ.

ಆದರೆ ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಗಳು ಹಲವು. ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡಿದರೆ ಅದಕ್ಕೆ ಇಲ್ಲಿ ಬೆಲೆಯಿಲ್ಲ. ಅದೇ 2018ರಲ್ಲಿ ಅಲೆನ್ ಓಟದಿಂದಲೇ 631 ಗಜ ಮತ್ತು 8 ಟಚ್‌ಡೌನ್ ಗಳಿಸಿದ್ದರು. ಎಸೆಯುವ ಮೊದಲೇ ಎದುರಾಳಿ ಕೆಡವಿಬಿಡುವ 'ಸ್ಯಾಕ್' ಕೂಡ ಲೆಕ್ಕಕ್ಕಿಲ್ಲ. ಕೈಗೆ ಬಂದ ಚೆಂಡನ್ನು ರಿಸೀವರ್ ಬಿಟ್ಟರೂ ಎಸೆದವನ ಖಾತೆಗೇ ನಷ್ಟ. ಮೂರನೆಯ ಯತ್ನದಲ್ಲಿ ಹತ್ತು ಗಜ ಬೇಕಿದ್ದಾಗ ಎಂಟು ಗಜದ ಎಸೆತ ತಂಡಕ್ಕೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಎರಡು ಗಜ ಬೇಕಿದ್ದಾಗ ಮೂರು ಗಜ ಸಿಕ್ಕರೂ ಅದು ಅಮೂಲ್ಯ. ರೇಟಿಂಗ್‌ನಲ್ಲಿ ಮಾತ್ರ ಎಂಟು ಮೂರಕ್ಕಿಂತ ದೊಡ್ಡದು.

ಈ ಕೊರತೆಯನ್ನು ತುಂಬಲು ಇಎಸ್‌ಪಿಎನ್ ವಾಹಿನಿ 2011ರಲ್ಲಿ ಸೊನ್ನೆಯಿಂದ ನೂರರವರೆಗಿನ 'ಕ್ಯೂಬಿಆರ್' ಎಂಬ ಮಾಪಕವನ್ನು ತಂದಿತು. ಪ್ರತಿಯೊಂದು ಆಟವೂ ತಂಡದ ನಿರೀಕ್ಷಿತ ಅಂಕವನ್ನು ಎಷ್ಟು ಏರಿಸಿತು ಅಥವಾ ಇಳಿಸಿತು ಎಂಬುದೇ ಇದರ ಆಧಾರ. ಆಟಗಾರರ ಭುಜಕವಚದಲ್ಲಿ ಅಳವಡಿಸಿದ ಚಿಪ್‌ಗಳ ನೆರವಿನಿಂದ ಈಗ ಎಸೆತದ ಕಷ್ಟವನ್ನೂ ಅಳೆಯಲಾಗುತ್ತದೆ. ದೂರ ಎಷ್ಟು, ರಿಸೀವರ್‌ಗೂ ಕಾವಲುಗಾರನಿಗೂ ನಡುವೆ ಅಂತರ ಎಷ್ಟು, ಎಸೆಯುವವನ ಮೇಲೆ ಒತ್ತಡ ಎಷ್ಟು ಎಂಬುದನ್ನು ನೋಡಿ, ಅಂತಹ ಎಸೆತ ಸಾಮಾನ್ಯವಾಗಿ ಸಫಲವಾಗುವ ಪ್ರಮಾಣಕ್ಕೆ ಹೋಲಿಸಲಾಗುತ್ತದೆ. ಇಷ್ಟಾದರೂ ಹನ್ನೊಂದು ಮಂದಿಯ ಕೆಲಸದಲ್ಲಿ ಒಬ್ಬನ ಪಾಲನ್ನು ಸಂಪೂರ್ಣವಾಗಿ ಬಿಡಿಸಿ ತೋರಿಸುವ ಮಾಪಕ ಇನ್ನೂ ಇಲ್ಲ.

ಸುತ್ತಲಿನವರ ಪಾಲು

2002ರಲ್ಲಿ ಹೊಸದಾಗಿ ಲೀಗ್ ಸೇರಿದ ಹ್ಯೂಸ್ಟನ್ ಟೆಕ್ಸನ್ಸ್, ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಅವರನ್ನು ಪಡೆಯಿತು. ಎಳೆಯ ತಂಡದ ರಕ್ಷಣಾ ಸಾಲು ದುರ್ಬಲವಾಗಿತ್ತು. ಆ ಒಂದೇ ಋತುವಿನಲ್ಲಿ ಕಾರ್ 76 ಬಾರಿ ಸ್ಯಾಕ್ ಆದರು. ಅದು ಲೀಗ್‌ನ ದಾಖಲೆ. ಹೀಗೆ ಪೆಟ್ಟು ತಿನ್ನುವ ತರುಣ ದೂರದ ರಿಸೀವರ್‌ನನ್ನು ನೋಡುವ ಬದಲು ತನ್ನತ್ತ ನುಗ್ಗಿ ಬರುವವರನ್ನೇ ನೋಡತೊಡಗುವುದು ಸಹಜ. ಒಮ್ಮೆ ರೂಢಿಯಾದ ಆ ಅಭ್ಯಾಸ ಮುಂದೆ ಒಳ್ಳೆಯ ರಕ್ಷಣೆ ದೊರೆತರೂ ಸುಲಭವಾಗಿ ಬಿಡದು.

ತರಬೇತುದಾರರ ಅಸ್ಥಿರತೆ ಇನ್ನೊಂದು ಪೆಟ್ಟು. 2005ರ ಮೊದಲ ಆಯ್ಕೆ ಅಲೆಕ್ಸ್ ಸ್ಮಿತ್, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಪರ ಚೊಚ್ಚಲ ಋತುವಿನಲ್ಲಿ ಒಂದೇ ಟಚ್‌ಡೌನ್ ಎಸೆದು 11 ಇಂಟರ್‌ಸೆಪ್ಷನ್ ನೀಡಿದರು. ಮೊದಲ ಐದು ವರ್ಷಗಳಲ್ಲಿ ಆಕ್ರಮಣದ ಹೊಣೆ ಹೊತ್ತ ತರಬೇತುದಾರರು ಐವರು. ಪ್ರತಿ ವರ್ಷವೂ ಹೊಸ ಪರಿಭಾಷೆ, ಹೊಸ ಯೋಜನೆ. ಕಲಿತದ್ದನ್ನು ಮರೆತು ಮತ್ತೆ ಅಕ್ಷರಾಭ್ಯಾಸ ಮಾಡಿದಂತೆ. 2011ರಲ್ಲಿ ಜಿಮ್ ಹಾರ್ಬೊ ಮುಖ್ಯ ತರಬೇತುದಾರರಾಗಿ ಬಂದ ಮೇಲೆ ಅದೇ ಸ್ಮಿತ್ ಇಡೀ ಋತುವಿನಲ್ಲಿ ಐದೇ ಇಂಟರ್‌ಸೆಪ್ಷನ್ ನೀಡಿದರು. ತಂಡ 13 ಪಂದ್ಯ ಗೆದ್ದು 3ರಲ್ಲಿ ಸೋತಿತು. 2017ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಪರ ಆಡುತ್ತಾ 104.7 ರೇಟಿಂಗ್‌ನೊಂದಿಗೆ ಅವರು ಲೀಗ್‌ಗೇ ಅಗ್ರಸ್ಥಾನ ಪಡೆದರು.

2018ರ ಐವರು

ಯುವ ಕ್ವಾರ್ಟರ್‌ಬ್ಯಾಕ್‌ಗಳ ಮೌಲ್ಯಮಾಪನ ಎಷ್ಟು ಕಠಿಣ ಎಂಬುದಕ್ಕೆ 2018ರ ಡ್ರಾಫ್ಟ್ ಒಳ್ಳೆಯ ಪಾಠ. ಅಂದು ಮೊದಲ ಸುತ್ತಿನಲ್ಲಿ ಐವರು ಆಯ್ಕೆಯಾದರು: ಬೇಕರ್ ಮೇಫೀಲ್ಡ್ (1ನೇ ಆಯ್ಕೆ, ಕ್ಲೀವ್‌ಲ್ಯಾಂಡ್), ಸ್ಯಾಮ್ ಡಾರ್ನಾಲ್ಡ್ (3, ನ್ಯೂಯಾರ್ಕ್ ಜೆಟ್ಸ್), ಜೋಶ್ ಅಲೆನ್ (7, ಬಫಲೋ), ಜೋಶ್ ರೋಸೆನ್ (10, ಅರಿಜೋನಾ), ಲಮಾರ್ ಜಾಕ್ಸನ್ (32, ಬಾಲ್ಟಿಮೋರ್).

ಆರಂಭದಲ್ಲಿ ಮಿಂಚಿದವರು ಮೇಫೀಲ್ಡ್. ಮೊದಲ ವರ್ಷವೇ 27 ಟಚ್‌ಡೌನ್ ಎಸೆದು ಚೊಚ್ಚಲ ಆಟಗಾರರ ಅಂದಿನ ದಾಖಲೆ ಬರೆದರು. ಮರುವರ್ಷವೇ 21 ಇಂಟರ್‌ಸೆಪ್ಷನ್ ನೀಡಿ ಕುಸಿದರು. 2022ರ ಹೊತ್ತಿಗೆ ಮೂರನೆಯ ತಂಡದಲ್ಲಿದ್ದರು. ಮುಂದೆ ಟ್ಯಾಂಪಾ ಬೇ ತಂಡ ಸೇರಿ 2024ರಲ್ಲಿ 41 ಟಚ್‌ಡೌನ್ ಎಸೆದರು. ಡಾರ್ನಾಲ್ಡ್ ಅವರನ್ನು ಜೆಟ್ಸ್ ಮೂರು ಋತುಗಳ ನಂತರ ಕೈಬಿಟ್ಟಿತು. ಅದೇ ಆಟಗಾರ 2024ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡಕ್ಕೆ 14 ಗೆಲುವು ತಂದುಕೊಟ್ಟರು.

ರೋಸೆನ್ ಕಥೆ ಬೇರೆ. ಅವರ ಮೊದಲ ಋತುವಿನ ಮಧ್ಯದಲ್ಲೇ ಆಕ್ರಮಣದ ತರಬೇತುದಾರ ಬದಲಾದರು. ಋತು ಮುಗಿದಾಗ ಮುಖ್ಯ ತರಬೇತುದಾರರೂ ಹೊರನಡೆದರು. 2019ರಲ್ಲಿ ಅರಿಜೋನಾ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ ಅವರನ್ನು ಮೊದಲ ಆಯ್ಕೆಯಾಗಿ ತಂದು, ರೋಸೆನ್‌ರನ್ನು ಮಯಾಮಿಗೆ ಕಳುಹಿಸಿತು. ಅಲ್ಲಿಂದ ಮುಂದೆ ಅವರು ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಕೇವಲ ಒಂದು ಋತುವಿನ ಮೇಲೆ ಬರೆದ ತೀರ್ಪು ಅದು.

ಇನ್ನು ಜಾಕ್ಸನ್. ಇವರು ಕ್ವಾರ್ಟರ್‌ಬ್ಯಾಕ್ ಸ್ಥಾನ ಬಿಟ್ಟು ರಿಸೀವರ್ ಆಗುವುದೇ ಲೇಸೆಂದು ಡ್ರಾಫ್ಟ್‌ಗೆ ಮುನ್ನ ಸಲಹೆ ನೀಡಿದ ಪಂಡಿತರಿದ್ದರು. ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್‌ಗಳು ಇಂತಹ ಮಾತು ಕೇಳುವುದು ಹೊಸತೇನಲ್ಲ. 1978ರಲ್ಲಿ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆಯ್ಕೆ ಮಾಡದ ವಾರೆನ್ ಮೂನ್ ಕೆನಡಾಕ್ಕೆ ತೆರಳಿ, ಎಡ್ಮಂಟನ್ ಪರ ಸತತ ಐದು ಬಾರಿ ಗ್ರೇ ಕಪ್ ಗೆದ್ದು, ನಂತರವೇ ಎನ್‌ಎಫ್‌ಎಲ್ ಪ್ರವೇಶಿಸಿದ್ದರು. 2006ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ಜಾಕ್ಸನ್ ತಮ್ಮ ಎರಡನೆಯ ವರ್ಷವೇ, 2019ರಲ್ಲಿ, 36 ಟಚ್‌ಡೌನ್ ಎಸೆದು, ಓಟದಲ್ಲಿ 1,206 ಗಜ ಗಳಿಸಿ, ಸರ್ವಾನುಮತದಿಂದ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು. ಪೂರ್ವಗ್ರಹವೂ ಒಂದು ಕೆಟ್ಟ ಅಳತೆಗೋಲು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಲೆನ್ ಬೆಳೆದ ಬಗೆ

ಕ್ಯಾಲಿಫೋರ್ನಿಯಾದ ಫೈರ್‌ಬಾಗ್ ಎಂಬ ಪುಟ್ಟ ಊರಿನ ಅಲೆನ್ ಅವರಿಗೆ ಪ್ರೌಢಶಾಲೆ ಮುಗಿದಾಗ ದೊಡ್ಡ ಕಾಲೇಜುಗಳಿಂದ ಕರೆ ಬರಲಿಲ್ಲ. ರೀಡ್ಲಿ ಕಾಲೇಜಿನಲ್ಲಿ ಆಡಿ, ಬಳಿಕ ವಯೋಮಿಂಗ್ ವಿಶ್ವವಿದ್ಯಾಲಯ ಸೇರಿದರು. ತೋಳಿನ ಬಲ ಅಸಾಧಾರಣವಾಗಿತ್ತು. ನಿಖರತೆ ಮಾತ್ರ ಶೇ. 56ರ ಆಸುಪಾಸು. ಕಾಲೇಜಿನಲ್ಲಿ ನಿಖರತೆ ಇಲ್ಲದವನಿಗೆ ವೃತ್ತಿಪರ ಲೀಗ್‌ನಲ್ಲಿ ಅದು ಬಾರದು ಎಂಬುದು ಬಹುಮಂದಿಯ ಅಭಿಪ್ರಾಯವಾಗಿತ್ತು.

ಮುಂದಿನ ಅಂಕಿಗಳು ಹೀಗಿವೆ: 2019ರಲ್ಲಿ ಶೇ. 58.8 ನಿಖರತೆ, 20 ಟಚ್‌ಡೌನ್, 9 ಇಂಟರ್‌ಸೆಪ್ಷನ್, ರೇಟಿಂಗ್ 85.3. 2020ರಲ್ಲಿ ಶೇ. 69.2 ನಿಖರತೆ, 4,544 ಗಜ, 37 ಟಚ್‌ಡೌನ್, 10 ಇಂಟರ್‌ಸೆಪ್ಷನ್, ರೇಟಿಂಗ್ 107.2.

ಈ ಏರಿಕೆಗೆ ಒಂದೇ ಕಾರಣವಿಲ್ಲ. ಬಿಡುವಿನ ತಿಂಗಳುಗಳಲ್ಲಿ ಅಲೆನ್ ಖಾಸಗಿ ತರಬೇತುದಾರರೊಡನೆ ಎಸೆಯುವ ಶೈಲಿಯನ್ನು ತಿದ್ದಿಕೊಂಡರು. ಮುಖ್ಯ ತರಬೇತುದಾರ ಶಾನ್ ಮೆಕ್‌ಡರ್ಮಟ್ ಮತ್ತು ಆಕ್ರಮಣದ ಹೊಣೆಯ ಬ್ರಯಾನ್ ಡೇಬಲ್ ಆ ಮೂರೂ ವರ್ಷ ಬದಲಾಗಲಿಲ್ಲ. 2019ರಲ್ಲಿ ರಿಸೀವರ್‌ಗಳಾದ ಜಾನ್ ಬ್ರೌನ್, ಕೋಲ್ ಬೀಸ್ಲಿ ಹಾಗೂ ರಕ್ಷಣಾ ಸಾಲಿನ ಮಿಚ್ ಮೋರ್ಸ್ ತಂಡ ಸೇರಿದರು. 2020ರ ಮಾರ್ಚ್‌ನಲ್ಲಿ ಮೊದಲ ಸುತ್ತಿನ ಆಯ್ಕೆಯನ್ನೇ ಬಿಟ್ಟುಕೊಟ್ಟು ಸ್ಟೆಫಾನ್ ಡಿಗ್ಸ್ ಅವರನ್ನು ತರಲಾಯಿತು. ಡಿಗ್ಸ್ ಆ ವರ್ಷ 127 ಎಸೆತ ಹಿಡಿದು 1,535 ಗಜ ಗಳಿಸಿದರು. ಎರಡರಲ್ಲೂ ಲೀಗ್‌ಗೆ ಅವರೇ ಮೊದಲಿಗರು. ಬೀಜ ಒಳ್ಳೆಯದಿತ್ತು ಎಂಬುದು ನಿಜ, ನೆಲವನ್ನು ಹದ ಮಾಡಿದ್ದೂ ಅಷ್ಟೇ ನಿಜ. 2021ರ ಆಗಸ್ಟ್‌ನಲ್ಲಿ ಬಫಲೋ ಆರು ವರ್ಷಗಳ, 25.8 ಕೋಟಿ ಡಾಲರ್ ಮೊತ್ತದ ವಿಸ್ತರಣಾ ಒಪ್ಪಂದ ಮಾಡಿಕೊಂಡಿತು. 2024ರ ಋತುವಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅಲೆನ್ ಪಾಲಾಯಿತು.

ಆದರೆ ಈ ಉದಾಹರಣೆಯನ್ನು ಹಿಡಿದು ಗುರಿ ತಪ್ಪುವ ಪ್ರತಿಯೊಬ್ಬ ತರುಣನನ್ನೂ ಸಮರ್ಥಿಸುವುದು ಸಲ್ಲದು. ಎರಡೇ ವರ್ಷಗಳಲ್ಲಿ ಹದಿನಾರು ಶೇಕಡಾ ಅಂಶಗಳಷ್ಟು ನಿಖರತೆ ಹೆಚ್ಚುವುದು ಅತಿ ವಿರಳ. 2021ರಲ್ಲಿ ಜೆಟ್ಸ್ ತಂಡ ಎರಡನೆಯ ಆಯ್ಕೆಯಾಗಿ ತಂದ ಜಾಕ್ ವಿಲ್ಸನ್ ಮೊದಲ ವರ್ಷ ಶೇ. 55.6, ಎರಡನೆಯ ವರ್ಷ ಶೇ. 54.5 ನಿಖರತೆ ತೋರಿದರು. 2024ರಲ್ಲಿ ಅವರನ್ನು ಡೆನ್ವರ್‌ಗೆ ಕಳುಹಿಸಲಾಯಿತು.

ಕಾಯಿಸಬೇಕೋ, ಆಡಿಸಬೇಕೋ?

1998ರ ಮೊದಲ ಆಯ್ಕೆ ಪೇಟನ್ ಮ್ಯಾನಿಂಗ್ ಮೊದಲ ಪಂದ್ಯದಿಂದಲೇ ಆಡಿ 28 ಇಂಟರ್‌ಸೆಪ್ಷನ್ ನೀಡಿದರು. ಇಂಡಿಯಾನಾಪೊಲಿಸ್ 13 ಪಂದ್ಯ ಸೋತಿತು. ಮರುವರ್ಷ ಇಂಟರ್‌ಸೆಪ್ಷನ್ 15ಕ್ಕೆ ಇಳಿಯಿತು. ತಂಡ 13 ಪಂದ್ಯ ಗೆದ್ದಿತು. ಆದರೆ ಅದೇ ಡ್ರಾಫ್ಟ್‌ನ ಎರಡನೆಯ ಆಯ್ಕೆ ರಯಾನ್ ಲೀಫ್ ಚೊಚ್ಚಲ ಋತುವಿನಲ್ಲಿ 2 ಟಚ್‌ಡೌನ್, 15 ಇಂಟರ್‌ಸೆಪ್ಷನ್ ಗಳಿಸಿ, ವೃತ್ತಿಜೀವನವನ್ನು 14 ಟಚ್‌ಡೌನ್, 36 ಇಂಟರ್‌ಸೆಪ್ಷನ್‌ಗಳೊಂದಿಗೆ ಮುಗಿಸಿದರು. ಇಂಟರ್‌ಸೆಪ್ಷನ್ ಇಬ್ಬರೂ ನೀಡಿದ್ದರು. ಆದರೆ ಮ್ಯಾನಿಂಗ್ ಜೊತೆಗೆ 26 ಟಚ್‌ಡೌನ್ ಎಸೆದಿದ್ದರು.

ಇನ್ನೊಂದೆಡೆ ಆರನ್ ರಾಜರ್ಸ್ 2005ರಿಂದ ಮೂರು ಋತು ಗ್ರೀನ್ ಬೇ ತಂಡದಲ್ಲಿ ಬ್ರೆಟ್ ಫಾರ್ವ್ ಹಿಂದೆ ಕಾದು ಕುಳಿತರು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಅದೇ ಅಲೆಕ್ಸ್ ಸ್ಮಿತ್ ಹಿಂದೆ ನಿಂತು ಕಲಿತು, 2018ರಲ್ಲಿ 50 ಟಚ್‌ಡೌನ್ ಎಸೆದರು. ಇಬ್ಬರೂ ಅತ್ಯಮೂಲ್ಯ ಆಟಗಾರರಾದರು, ಸೂಪರ್ ಬೌಲ್ ಗೆದ್ದರು. ಹಾಗಾಗಿ ಕಾಯುವುದೇ ಸರಿ, ಆಡುವುದೇ ಸರಿ ಎಂಬ ಏಕಸೂತ್ರ ಇಲ್ಲ. ತಂಡದ ರಕ್ಷಣಾ ಸಾಲು ಸಿದ್ಧವಿದೆಯೇ, ಕಲಿಸುವವರು ಉಳಿಯುತ್ತಾರೆಯೇ ಎಂಬುದೇ ಮುಖ್ಯ.

ನೋಡಬೇಕಾದ್ದು ಏನು?

ಗೆಲುವು-ಸೋಲಿನ ಪಟ್ಟಿಗಿಂತ ಮೊದಲು ಗಮನಿಸಬೇಕಾದ ಅಂಶಗಳು ಕೆಲವಿವೆ. ಮೊದಲ ರಿಸೀವರ್‌ಗೆ ದಾರಿ ಮುಚ್ಚಿದಾಗ ಆಟಗಾರನ ಕಣ್ಣು ಎರಡನೆಯವನತ್ತ, ಮೂರನೆಯವನತ್ತ ಹೊರಳುತ್ತದೆಯೇ? ಒತ್ತಡ ಬಂದಾಗ ಕಾಲುಗಳು ಎಸೆಯುವ ಭಂಗಿಯಲ್ಲೇ ಇರುತ್ತವೆಯೇ? ಚೆಂಡನ್ನು ಹೊರಗೆ ಎಸೆದು ನಷ್ಟ ತಪ್ಪಿಸುವ ವಿವೇಕ ಬಂದಿದೆಯೇ? ಮೂರನೆಯ ಯತ್ನದಲ್ಲಿ ಬೇಕಾದಷ್ಟು ಗಜ ದಕ್ಕಿಸಿಕೊಡುತ್ತಾನೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಸೆಪ್ಟೆಂಬರ್‌ನಲ್ಲಿ ಮಾಡಿದ ತಪ್ಪನ್ನೇ ಡಿಸೆಂಬರ್‌ನಲ್ಲೂ ಮಾಡುತ್ತಿದ್ದಾನೆಯೇ, ಅಥವಾ ಹೊಸ ತಪ್ಪು ಮಾಡುತ್ತಿದ್ದಾನೆಯೇ? ಹೊಸ ತಪ್ಪು ಕಲಿಕೆಯ ಗುರುತು. ಹಳೆಯದೇ ಮರುಕಳಿಸಿದರೆ ಚಿಂತೆಗೆ ಕಾರಣವಿದೆ.

ಒಂದು ಋತುವಿನ ಅಂಕಿಗಳು ಆಟಗಾರ ಎಲ್ಲಿ ನಿಂತಿದ್ದಾನೆಂದು ತಿಳಿಸುತ್ತವೆ. ಎರಡು ಮೂರು ಋತುಗಳ ಅಂಕಿಗಳನ್ನು ಸಾಲಾಗಿ ಇಟ್ಟರೆ ಆತ ಯಾವ ದಿಕ್ಕಿಗೆ ಸಾಗುತ್ತಿದ್ದಾನೆಂಬುದು ಕಾಣುತ್ತದೆ. ಆ ಸಾಲಿನ ಪಕ್ಕದಲ್ಲಿ ಅವನಿಗೆ ದೊರೆತ ರಕ್ಷಣೆ, ರಿಸೀವರ್‌ಗಳು ಮತ್ತು ತರಬೇತುದಾರರ ಹೆಸರುಗಳನ್ನೂ ಬರೆದ ಮೇಲಷ್ಟೇ ತೀರ್ಪು ನ್ಯಾಯವಾದೀತು. ಅಲೆನ್ ಅವರಿಗೆ ಆ ಮೂರು ವರ್ಷ ಸಿಕ್ಕವು. ರೋಸೆನ್ ಅವರಿಗೆ ಸಿಕ್ಕಿದ್ದು ಒಂದೇ.