ಯೂರೋಪು ಮಂಡಲಿಯ ಹೊಸ ಪಾತ್ರ

ಎರಡನೆಯ ಮಹಾಯುದ್ಧದಿಂದ ಜರ್ಜರಿತವಾದ ಯೂರೋಪಿನ ಹತ್ತು ರಾಷ್ಟ್ರಗಳು 1949ರ ಮೇ 5ರಂದು ಲಂಡನ್ನಿನಲ್ಲಿ ಸಹಿಮಾಡಿ ಯೂರೋಪು ಮಂಡಲಿಯನ್ನು ಸ್ಥಾಪಿಸಿದುವು. ಫ್ರಾನ್ಸು ಜರ್ಮನಿಗಳ ನಡುವೆ ಪದೇ ಪದೇ ಕೈಬದಲಾಗಿದ್ದ ಗಡಿನಗರ ಸ್ಟ್ರಾಸ್‌ಬರ್ಗ್ ಅದರ ಪೀಠವಾಯಿತು. ಇಂದಿನ ಯೂರೋಪು ಒಕ್ಕೂಟವು ಬೇರೆ, ಈ ಮಂಡಲಿ ಬೇರೆ. ಇದರ ಮೂಲಕ ಖಂಡವನ್ನೇ ಒಂದುಗೂಡಿಸಬೇಕೆಂದು ಕೆಲವರು ಕನಸು ಕಂಡರು. ಸರಕಾರಗಳು ಅಧಿಕಾರ ಬಿಟ್ಟುಕೊಡಲಿಲ್ಲ. 1951ರಲ್ಲಿ ಆರು ರಾಷ್ಟ್ರಗಳು ಕಲ್ಲಿದ್ದಲು ಉಕ್ಕುಗಳ ಸಮುದಾಯವನ್ನು ಪ್ರತ್ಯೇಕವಾಗಿ ರಚಿಸಿಕೊಂಡುವು. ಮಂಡಲಿಗೆ ಉಳಿದುದು ಸರಕಾರಗಳಿಂದ ಮಾತು ಪಡೆಯುವ, ಕೊಟ್ಟ ಮಾತನ್ನು ನಡೆಸಿದುವೇ ಎಂದು ನೋಡುವ ಕಾರ್ಯ. 1950ರ ಮಾನವ ಹಕ್ಕುಗಳ ಒಡಂಬಡಿಕೆ ಅದಕ್ಕೆ ಅಡಿಗಲ್ಲಾಯಿತು.

1989ರಲ್ಲಿ ಬರ್ಲಿನ್ ಗೋಡೆ ಉರುಳಿದ ಮೇಲೆ ಪೂರ್ವದ ದೇಶಗಳು ಮಂಡಲಿಯ ಬಾಗಿಲಿಗೆ ಬಂದುವು; ಅಲ್ಪಸಂಖ್ಯಾತರ ಪ್ರಶ್ನೆ ತೀವ್ರವಾಯಿತು. 1992ರಲ್ಲಿ ಪ್ರಾದೇಶಿಕ ಹಾಗೂ ಅಲ್ಪಸಂಖ್ಯಾತ ಭಾಷೆಗಳ ಸನ್ನದನ್ನು ಸಹಿಗೆ ಇಡಲಾಯಿತು. 1998ರಲ್ಲಿ ಅದು ಜಾರಿಗೆ ಬಂದಿತು. ಒಪ್ಪಿದ ಸರಕಾರವು ಶಾಲೆ, ನ್ಯಾಯಾಲಯ, ಆಡಳಿತಗಳಲ್ಲಿ ಏನು ಮಾಡಿತೆಂದು ಕಾಲಕಾಲಕ್ಕೆ ವರದಿ ಒಪ್ಪಿಸಬೇಕು. ತಜ್ಞರು ಸ್ಥಳಕ್ಕೆ ಬಂದು ಆ ಭಾಷೆಯವರನ್ನೇ ಕೇಳಿ ತಿಳಿಯುತ್ತಾರೆ. ದಂಡಿಸುವ ಶಕ್ತಿ ಅವರಿಗಿಲ್ಲ. ಪೀಠವಿರುವ ಫ್ರಾನ್ಸೇ 1999ರಲ್ಲಿ ಸಹಿಮಾಡಿಯೂ ಸನ್ನದನ್ನು ಅನುಮೋದಿಸಿಲ್ಲ.

ಗಡಿನಾಡಿನ ನಮಗಿದು ದೂರದ ಕಥೆಯಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಏರ್ಪಾಟನ್ನು ವಿಧಿಸುತ್ತದೆ. 350ಬಿ ವಿಧಿ ರಾಷ್ಟ್ರಪತಿಗೆ ವರದಿ ಒಪ್ಪಿಸುವ ವಿಶೇಷಾಧಿಕಾರಿಯನ್ನು ಕೊಟ್ಟಿದೆ. ಕೇಳುವವರಿದ್ದರೂ ಹೇಳಬೇಕಾದವರು ನಾವೇ. ಶಾಲೆಯಲ್ಲಿ ತೆರವಾಗಿಯೇ ಉಳಿದ ಹುದ್ದೆಯನ್ನೂ ವೇಳೆಗೆ ಬಾರದ ಪಠ್ಯಪುಸ್ತಕವನ್ನೂ ನಾವು ಬರೆದು ತಿಳಿಸದಿದ್ದರೆ ಅವು ಯಾವ ವರದಿಯಲ್ಲಿಯೂ ಸೇರಲಾರವು.