ಮೈಸೂರು ಸೀಮೆಯ ರೇಷ್ಮೆ ಸಾಕಣೆ: ಗಳಿಕೆ ಮತ್ತು ನಷ್ಟಗಳ ಚರಿತ್ರೆ

ಮೈಸೂರು ಸೀಮೆಗೆ ರೇಷ್ಮೆ ಹುಳು ಬಂದದ್ದು ಅರಸೊತ್ತಿಗೆಯ ಆಜ್ಞೆಯಿಂದ. 1786ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರವೊಂದು, ಹುಳು ತರಲು ಬಂಗಾಳಕ್ಕೆ ಹೋಗಿದ್ದವರು ಮರಳುತ್ತಿರುವುದನ್ನು ತಿಳಿಸುತ್ತದೆ; ಅವುಗಳನ್ನು ಇರಿಸಲು ತಕ್ಕ ಸ್ಥಳವನ್ನು ಗೊತ್ತುಮಾಡಲು ಸೂಚಿಸುತ್ತದೆ. ಈ ಉದ್ಯಮವನ್ನು 21 ಠಾಣೆಗಳಿಗೆ ಹರಡುವ ಉದ್ದೇಶವೂ ಅವನಿಗಿತ್ತು. 1799ರ ನಂತರ ರಾಜಾಶ್ರಯ ತಪ್ಪಿದರೂ ಕಸುಬು ನಶಿಸದೆ ರೈತಕುಟುಂಬಗಳಲ್ಲಿ ಬೇರೂರಿತೆಂಬುದು ಗಮನಾರ್ಹ.

ಇದಕ್ಕೆ ಕಾರಣವನ್ನು ಕಸುಬಿನ ಸ್ವರೂಪದಲ್ಲಿಯೇ ಅರಸಬೇಕು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹಲವು ವರ್ಷ ಸೊಪ್ಪು ಕೊಡುತ್ತದೆ. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆಗೇರಿ ಗೂಡು ಕಟ್ಟುವುದು ಸುಮಾರು ಒಂದು ತಿಂಗಳ ಅವಧಿಯಲ್ಲಿ. ಮೈಸೂರಿನ ಬಹುಸಂತತಿ ತಳಿಯಿಂದ ವರ್ಷಕ್ಕೆ ಹಲವು ಬೆಳೆ ಸಾಧ್ಯ. ಸುಗ್ಗಿಗಾಗಿ ವರ್ಷವಿಡೀ ಕಾಯುವ ರಾಗಿ ಸೀಮೆಯ ಸಣ್ಣ ಹಿಡುವಳಿದಾರನಿಗೆ ನಡುನಡುವೆ ಕೈಗೆ ರೊಕ್ಕ ಬರುವ ಮಾರ್ಗ ಇದಾಗಿತ್ತು. ಆದರೆ ಹಗಲಿರುಳೆನ್ನದೆ ಸೊಪ್ಪು ಹಾಕಿ, ತಟ್ಟೆ ಶುಚಿಗೊಳಿಸುವ ದುಡಿಮೆ ಬಹುಮಟ್ಟಿಗೆ ಮನೆಯ ಹೆಂಗಸರದು. ಅದಕ್ಕೆ ಲೆಕ್ಕಪತ್ರಗಳಲ್ಲಿ ಕೂಲಿ ಕಟ್ಟಿದ್ದು ವಿರಳ. ಲಾಭವೆಂದು ಎಣಿಸಲಾದುದರಲ್ಲಿ ಒಂದು ಪಾಲು ಈ ಎಣಿಕೆಗೆ ಬಾರದ ಶ್ರಮವೇ ಆಗಿದೆ.

ಇನ್ನು ನಷ್ಟದ ಮಾತು. 1866ರ ಸುಮಾರಿಗೆ ರೋಗದಿಂದ ಹುಳುಗಳು ಅಪಾರವಾಗಿ ಸತ್ತಾಗ, ಕೆಂಗೇರಿಯಲ್ಲಿ ನೂಲು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದ ಇಟಲಿಯ ಡಿ ವೆಕ್ಕಿ ಜಪಾನಿನಿಂದ ಮೊಟ್ಟೆಗಳನ್ನು ತರಿಸಿದನು. ಗಂಟುರೋಗವಂತೂ ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುವಂಥದು. ಸೂಕ್ಷ್ಮದರ್ಶಕದಲ್ಲಿ ಚಿಟ್ಟೆಯನ್ನು ಪರೀಕ್ಷಿಸದ ಹೊರತು ರೈತನಿಗೆ ಅದರ ಸುಳಿವು ಸಿಗದು. ಬೆಂಗಳೂರಿನಲ್ಲಿ ಜಮ್‌ಸೆಟ್‌ಜಿ ಟಾಟಾ ಜಪಾನಿ ತಜ್ಞರ ನೆರವಿನಿಂದ ತೆರೆದ ರೇಷ್ಮೆ ತೋಟ, ಅನಂತರ ಸಂಸ್ಥಾನದ ಸರ್ಕಾರ ಸ್ಥಾಪಿಸಿದ ರೇಷ್ಮೆ ಇಲಾಖೆ, ಇವೆರಡರ ಮಹತ್ವ ಇಲ್ಲಿದೆ: ಮೊಟ್ಟೆಯ ಶುದ್ಧಿ ಇನ್ನು ಅದೃಷ್ಟದ ವಿಷಯವಾಗಿ ಉಳಿಯಲಿಲ್ಲ. ಆದರೂ ಅಪಾಯ ಹೊಸ ರೂಪದಲ್ಲಿ ಬಂದಿತು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಊಜಿ ನೊಣ ಕರ್ನಾಟಕವನ್ನು ಹೊಕ್ಕಿತು. ಹುಳು ಬಂದ ದಾರಿಯಲ್ಲಿಯೇ, ಸುಮಾರು ಎರಡು ಶತಮಾನಗಳ ಅನಂತರ, ಅದರ ವೈರಿಯೂ ಬಂದಂತಾಯಿತು.

ರೋಗಕ್ಕಿಂತಲೂ ಹೆಚ್ಚು ರೈತನನ್ನು ಕಾಡಿದ್ದು ಬೆಲೆ. ಗೂಡನ್ನು ರಾಗಿಯಂತೆ ಹಗೇವಿನಲ್ಲಿ ತುಂಬಿಡಲಾಗದು. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ಕಡಿದು ಹೋಗುತ್ತದೆ. ಆದುದರಿಂದ ಅಂದಿನ ಬೆಲೆಗೆ ಮಾರದೆ ಬೇರೆ ದಾರಿಯಿಲ್ಲ. 1959ರ ಕಾಯಿದೆಯ ತರುವಾಯ ಬೆಳೆದ ಸರ್ಕಾರಿ ಗೂಡಿನ ಮಾರುಕಟ್ಟೆಗಳು ಬಹಿರಂಗ ಹರಾಜು, ನ್ಯಾಯವಾದ ತೂಕಗಳನ್ನು ಒದಗಿಸಿದುವು. ರಾಮನಗರ ಇವುಗಳಲ್ಲಿ ಪ್ರಸಿದ್ಧವಾಯಿತು. ಆದರೆ ಬೆಲೆಯ ಮೂಲ ಹರಾಜುಕಟ್ಟೆಯಲ್ಲಿರಲಿಲ್ಲ. 1930ರ ದಶಕದ ಮುಗ್ಗಟ್ಟಿನಲ್ಲಿ ಅಗ್ಗದ ವಿದೇಶಿ ರೇಷ್ಮೆ ಸ್ಥಳೀಯ ನೂಲನ್ನು ತಳ್ಳಿತು. ಎರಡನೆಯ ಮಹಾಯುದ್ಧ ಪ್ಯಾರಾಚೂಟಿನ ಬೇಡಿಕೆಯಿಂದ ಮತ್ತೆ ಮೇಲೆತ್ತಿತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗಲೂ ಅದೇ ಪೆಟ್ಟು. ನೇಯ್ಗೆಯವರು ಅಗ್ಗದ ನೂಲನ್ನು ಬಯಸಿದ್ದು ಸಹಜವೇ; ಒಬ್ಬರ ಲಾಭ ಇನ್ನೊಬ್ಬರ ಹೊರೆಯಾಗುವ ವಿಚಿತ್ರ ಸಂಬಂಧವಿದು.

ನೂಲು ಬಿಚ್ಚುವ ಮನೆಗಳ ಕಥೆ ಇನ್ನೂ ಕಠಿಣ. ಕುದಿನೀರಿನಲ್ಲಿ ಬೆಂದ ಗೂಡಿನ ಎಳೆ ಹಿಡಿಯುವ ಬರಿಗೈಗಳು ಬೊಬ್ಬೆಯೇಳುತ್ತಿದ್ದುವು. ಅವುಗಳಲ್ಲಿ ಸಾಲಕ್ಕೆ ಒತ್ತೆಯಾದ ಮಕ್ಕಳ ಕೈಗಳೂ ಇದ್ದುವೆಂಬುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿ ದಾಖಲಿಸಿತು. ಎರಡೇ ವರ್ಷಗಳ ಬಳಿಕ, 2005ರಲ್ಲಿ, ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.